ಬೇತಾಳದ ಕರಾರು

ಬಾಲ್ಯದಲ್ಲಿ ಓದಿದ ಕಥಾಗ್ರಂಥವನ್ನು ವೃದ್ಧಾಪ್ಯದಲ್ಲಿ ಪುನಃ ಕೈಗೆತ್ತಿಕೊಳ್ಳುವವರು ವಿರಳ. ಪುರಾಣ ಕಾವ್ಯಗಳ ಮಾತು ಬೇರೆ. ರಾಮಾಯಣವನ್ನು ವರ್ಷವರ್ಷವೂ ಪಾರಾಯಣ ಮಾಡುವುದು ಪುಣ್ಯಕಾರ್ಯವೆಂದು ಎಣಿಸಲ್ಪಟ್ಟಿದೆ. ಕುಮಾರವ್ಯಾಸನ ಭಾರತವನ್ನು ಗಮಕಿಗಳ ಬಾಯಿಂದ ಹತ್ತು ಸಲ ಕೇಳಿದವರು ಹನ್ನೊಂದನೆಯ ಸಲವೂ ಮುಂದಿನ ಸಾಲಿನಲ್ಲಿಯೇ ಹೋಗಿ ಕುಳಿತುಕೊಳ್ಳುತ್ತಾರೆ. ಆದರೆ ಮಕ್ಕಳ ಮಾಸಪತ್ರಿಕೆಯಲ್ಲಿ ತಿಂಗಳಿಗೊಂದರಂತೆ ಬಂದ ಬೇತಾಳದ ಕಥೆಗಳನ್ನು, ಮೊಮ್ಮಕ್ಕಳನ್ನು ಕಂಡ ಗೃಹಸ್ಥರೊಬ್ಬರು ಕನ್ನಡಕವೇರಿಸಿಕೊಂಡು ಮೊದಲಿನಿಂದ ಕ್ರಮವಾಗಿ ಓದತೊಡಗಿದರೆ ಮನೆಯವರು ನಗದೆ ಇರಲಾರರು. ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯು ಎಲ್ಲರ ನಾಲಗೆಯ ಮೇಲೆಯೂ ಸಿದ್ಧವಾಗಿಯೇ ಇರುತ್ತದೆ.

ರಾಜಾಜಿನಗರದ ಗೃಹಸ್ಥರೊಬ್ಬರು ಈಚೆಗೆ ಈ ನಗೆಗೆ ಪಾತ್ರರಾದರು. ಅವರ ಹೆಸರಿನಿಂದ ವಾಚಕರಿಗೆ ಪ್ರಯೋಜನವೇನೂ ಇಲ್ಲ. ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು, ಎಪ್ಪತ್ತನ್ನು ಸಮೀಪಿಸಿದವರು, ಮಿತಭಾಷಿಗಳು. ಅವರ ಈ ಪುನಃಪಠನವು ಬರಿಯ ಕಾಲಕ್ಷೇಪವಾಗಿ ಮುಗಿದಿದ್ದರೆ ಅದನ್ನು ಇಲ್ಲಿ ಪ್ರಸ್ತಾಪಿಸುವ ಅಗತ್ಯವಿರಲಿಲ್ಲ. ಅದು ಹಾಗೆ ಮುಗಿಯಲಿಲ್ಲ.

ರಾಜಾಜಿನಗರವೂ ಕನ್ನಡದ ‘ಚಂದಮಾಮ’ವೂ ಒಂದೇ ವರ್ಷದ ಕೂಸುಗಳು. 1949ರಲ್ಲಿ ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಕೈಗಾರಿಕೆಗಳಿಗೂ ಅವುಗಳಲ್ಲಿ ದುಡಿಯುವವರಿಗೂ ನೆಲೆಯಾಗಲೆಂದು ಉಪನಗರವೊಂದನ್ನು ಕಲ್ಪಿಸಿ, ಆಗ ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರ್ಯರ ಹೆಸರನ್ನು ಅದಕ್ಕೆ ಇಟ್ಟರು. ಅದೇ ವರ್ಷ ಮದರಾಸಿನಿಂದ ‘ಚಂದಮಾಮ’ದ ಕನ್ನಡ ಆವೃತ್ತಿಯು ಹೊರಟಿತು. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಎಂಬ ಇಬ್ಬರು ಮಿತ್ರರು 1947ರ ಜುಲೈ ತಿಂಗಳಿನಲ್ಲಿ ತೆಲುಗಿನಲ್ಲಿ ಈ ಪತ್ರಿಕೆಯನ್ನು ಆರಂಭಿಸಿದ್ದರು. 1957ರಲ್ಲಿ ‘ಮಾಯಾಬಜಾರ್’ ಚಲನಚಿತ್ರವನ್ನು ತೆಗೆದವರೂ ಇವರೇ ಎಂದರೆ, ಇವರಿಗೆ ಮಾಯೆಯ ವ್ಯಾಪಾರದಲ್ಲಿ ಎಷ್ಟು ಪಳಗಿದ ಕೈಯಿದ್ದಿತೆಂಬುದು ತಿಳಿಯುತ್ತದೆ. ಪತ್ರಿಕೆಯು ಕಾಲಕ್ರಮದಲ್ಲಿ ಹನ್ನೆರಡಕ್ಕೂ ಹೆಚ್ಚು ಭಾಷೆಗಳಿಗೆ ಹಬ್ಬಿತು; 1984ರಲ್ಲಿ ಸಂಸ್ಕೃತದಲ್ಲಿಯೂ ಹೊರಬಂದಿತು. 1998ರಲ್ಲಿ ಕೆಲವು ಕಾಲ ನಿಂತು, ಮತ್ತೆ ನಡೆದು, 2013ರ ವೇಳೆಗೆ ಸಂಪೂರ್ಣವಾಗಿ ನಿಂತುಹೋಯಿತು.

ಈ ಗೃಹಸ್ಥರ ತಂದೆಗೆ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯಿಂದ ಮೂವತ್ತು ನಲವತ್ತಡಿಯ ನಿವೇಶನವು ದೊರೆತಿದ್ದಿತು. ಮಕ್ಕಳು ನಾಲ್ವರು: ಹಿರಿಯವಳು ಮಗಳು, ಆಮೇಲೆ ಮೂವರು ಗಂಡುಮಕ್ಕಳು. ಗೃಹಸ್ಥರು ಆ ಮೂವರಲ್ಲಿ ಮೊದಲನೆಯವರು. 1966ರಲ್ಲಿ ಅಕ್ಕನಿಗೆ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯ ಕೆಲಸವು ಸಿಕ್ಕಿತು. ಮೊದಲ ತಿಂಗಳ ಸಂಬಳದಲ್ಲಿ ಆಕೆ ತಾಯಿಗೆ ಒಂದು ಸೀರೆಯನ್ನೂ ತಮ್ಮಂದಿರಿಗೆ ಒಂದು ಚಂದಮಾಮವನ್ನೂ ತಂದಳು. ಅಂದಿನಿಂದ ಹತ್ತು ವರ್ಷ ಒಂದು ತಿಂಗಳೂ ತಪ್ಪಲಿಲ್ಲ. ವರ್ಷದ ಕೊನೆಯಲ್ಲಿ ಹನ್ನೆರಡು ಸಂಚಿಕೆಗಳನ್ನು ಸೇರಿಸಿ ದಬ್ಬಣದಿಂದ ಹೊಲಿದು, ರಟ್ಟು ಕಟ್ಟಿ, ಬೆನ್ನಿಗೆ ಬಟ್ಟೆ ಅಂಟಿಸುವುದೂ ಅವಳದೇ ಕೆಲಸ. ಸಂಚಿಕೆ ಬಂದ ಸಂಜೆ ಮೂವರು ತಮ್ಮಂದಿರೂ ಒಂದೇ ಪುಸ್ತಕಕ್ಕೆ ಕೈಹಾಕಿ ಹರಿಯುವರೆಂಬ ಭಯದಿಂದ ಅವಳೇ ಗಟ್ಟಿಯಾಗಿ ಓದುವಳು. ದಾಸರಿ ಸುಬ್ರಹ್ಮಣ್ಯಂ ಎಂಬವರು ತೆಲುಗಿನಲ್ಲಿ ಬರೆದು ಇತರ ಭಾಷೆಗಳಿಗೆ ಬರುತ್ತಿದ್ದ ಮಾಂತ್ರಿಕರ ಧಾರಾವಾಹಿಗಳು ಮೊದಲು. ಬೇತಾಳದ ಕಥೆಯು ಕಟ್ಟಕಡೆಗೆ. ಕಡುಬಿನ ಹೂರಣವನ್ನು ಕೊನೆಗೆ ತಿನ್ನುವ ಮಕ್ಕಳ ನ್ಯಾಯ.

ಬೇತಾಳದ ಕಥೆಯ ಚೌಕಟ್ಟನ್ನು ಅರಿಯದ ಮನೆಯು ಕನ್ನಡನಾಡಿನಲ್ಲಿ ಇರಲಾರದು. ಅರಸನು ಅರ್ಧರಾತ್ರಿಯಲ್ಲಿ ಮರವನ್ನೇರಿ, ಅಲ್ಲಿ ತೂಗುವ ಹೆಣವನ್ನು ಇಳಿಸಿ ಹೆಗಲಿಗೆ ಹಾಕಿಕೊಂಡು, ಮಾತನಾಡದೆ ಶ್ಮಶಾನದ ಕಡೆಗೆ ನಡೆಯುತ್ತಾನೆ. ಹೆಣದೊಳಗಿನ ಬೇತಾಳವು ದಾರಿಯ ಆಯಾಸವು ತಿಳಿಯದಿರಲೆಂದು ಕಥೆಯೊಂದನ್ನು ಹೇಳಿ, ಕೊನೆಗೆ ಒಂದು ಪ್ರಶ್ನೆಯನ್ನು ಕೇಳುತ್ತದೆ. ಉತ್ತರವನ್ನು ತಿಳಿದೂ ಹೇಳದಿದ್ದರೆ ತಲೆಯು ಸಿಡಿದು ಹೋಳಾಗುವುದು. ಹೇಳಿದರೆ ಮೌನವು ಮುರಿಯುವುದು. ಮೌನವು ಮುರಿದೊಡನೆ ಬೇತಾಳವು ಹೆಣದೊಡನೆ ಹಾರಿ ಮತ್ತೆ ಮರವನ್ನೇ ಸೇರುವುದು. ಅರಸನು ಉತ್ತರವನ್ನು ಹೇಳುತ್ತಾನೆ. ಹೆಣವು ಹಾರಿಹೋಗುತ್ತದೆ. ಮುಂದಿನ ತಿಂಗಳು ಅರಸನು ಮತ್ತೆ ಮರದ ಬಳಿಯಲ್ಲಿದ್ದಾನೆ.

ಹನ್ನೊಂದು ವರ್ಷದ ಬಾಲಕನಿಗೆ ಇದರಲ್ಲಿ ಒಂದೇ ಒಂದು ಕೋಪ. ಈ ಅರಸನು ಏಕೆ ಸುಮ್ಮನಿರಬಾರದು? ತಿಳಿಯದೆಂದು ಸುಳ್ಳು ಹೇಳಬಾರದೆ? ತಲೆ ಸಿಡಿಯುವುದೆಂಬುದು ಬರಿಯ ಬೆದರಿಕೆಯಾಗಿರಬಾರದೇಕೆ? ಒಂದು ಸಲ ಹಲ್ಲು ಕಚ್ಚಿ ಸುಮ್ಮನಿದ್ದು ನೋಡಬಾರದೆ? ಈ ಪ್ರಶ್ನೆಗಳನ್ನು ತಮ್ಮಂದಿರು ಪ್ರತಿ ತಿಂಗಳೂ ಅಕ್ಕನಿಗೆ ಹಾಕುವರು. ಅಕ್ಕನು ದೀಪ ಆರಿಸಿ ಮಲಗಲು ಹೇಳುವಳು. ಬಾಲಕನು ಬೆಳೆದನು, ಕಾಲೇಜು ಸೇರಿದನು, ಕೆಲಸ ಹಿಡಿದನು. ಸಂಪುಟಗಳು ಅಟ್ಟವನ್ನು ಸೇರಿದುವು.

ಐವತ್ತು ವರ್ಷಗಳ ಮೇಲೆ ಅವು ಕೆಳಕ್ಕೆ ಇಳಿದುದಕ್ಕೆ ಸಾಹಿತ್ಯಪ್ರೇಮವು ಕಾರಣವಲ್ಲ. ರಾಜಾಜಿನಗರದ ಅಡ್ಡರಸ್ತೆಗಳಲ್ಲಿ ಈಗ ಹಳೆಯ ಮನೆಗಳು ಒಂದೊಂದಾಗಿ ಉರುಳುತ್ತಿವೆ. ಹೆಂಚಿನ ಮುಂಗಟ್ಟು, ಸಂಪಗೆಯ ಗಿಡ, ಕಬ್ಬಿಣದ ಗೇಟು ಇದ್ದ ಕಡೆ ನಾಲ್ಕು ಅಂತಸ್ತುಗಳು ಏಳುತ್ತಿವೆ. ತಂದೆಯು 1970ರಲ್ಲಿ ಕಟ್ಟಿಸಿದ ಮನೆಗೂ ಆ ಸರದಿಯು ಬಂದಿತು. ಮೂವರು ಅಣ್ಣತಮ್ಮಂದಿರೂ ಕಟ್ಟಡದ ಗುತ್ತಿಗೆದಾರನೊಬ್ಬನೊಡನೆ ಒಪ್ಪಂದಕ್ಕೆ ಬಂದು, ಮನೆಯನ್ನು ಬರಿದು ಮಾಡುವ ಕೆಲಸಕ್ಕೆ ಕೈಯಿಟ್ಟರು. ಅಟ್ಟದಿಂದ ಹತ್ತು ಸಂಪುಟಗಳು ಧೂಳಿನೊಡನೆ ಇಳಿದುವು. ಕಿರಿಯ ತಮ್ಮನು ಅವುಗಳನ್ನು ಹಳೆಯ ಕಾಗದದವನಿಗೆ ತೂಗಿಸಲು ಹೊರಟಿದ್ದನು. ಗೃಹಸ್ಥರು ತಡೆದು, ತಮ್ಮ ಕೋಣೆಯಲ್ಲಿ ಇರಿಸಿಕೊಂಡರು.

ಮರಳಿ ಓದತೊಡಗಿದಾಗ ಮೊದಲು ಆದುದು ನಿರಾಶೆಯೇ. ನೆನಪಿನಲ್ಲಿ ಉಳಿದಿದ್ದ ಘೋರಾರಣ್ಯವು ಪುಟದಲ್ಲಿ ನಾಲ್ಕು ಮಸಿಯ ಗೆರೆಗಳಾಗಿದ್ದಿತು. ನಿದ್ದೆಗೆಡಿಸಿದ ರಾಕ್ಷಸನು ಒಂದು ಅಂಕಣದಲ್ಲಿ ಸತ್ತುಹೋಗುತ್ತಿದ್ದನು. ಅನೇಕ ಕಥೆಗಳಲ್ಲಿ ಬೇತಾಳದ ಪ್ರಶ್ನೆಯು ಉತ್ತರಕ್ಕೆಂದೇ ಹೊಲಿದ ಅಂಗಿಯಂತೆ ಇದ್ದಿತು. ಅರಸನ ಉತ್ತರವು ಪರೀಕ್ಷೆಯ ಪತ್ರಿಕೆಯಲ್ಲಿ ಜಾಣ ವಿದ್ಯಾರ್ಥಿಯು ಬರೆಯುವಂತೆ ಇದ್ದಿತು. ಇದು ಆಶ್ಚರ್ಯವಲ್ಲ. ಮೂಲದಲ್ಲಿರುವ ಕಥೆಗಳು ಇಪ್ಪತ್ತೈದರೊಳಗೆ ಮುಗಿಯುತ್ತವೆ. ಪತ್ರಿಕೆಗಾದರೋ ತಿಂಗಳು ತಿಂಗಳೂ ಒಂದು ಬೇಕು. ಆದುದರಿಂದ ಅನೇಕ ಲೇಖಕರು ಹೊಸ ಹೊಸ ಕಥೆಗಳನ್ನು ಹೆಣೆದು ಅದೇ ಚೌಕಟ್ಟಿನಲ್ಲಿ ಕೂರಿಸಿದರು. ಹೀಗೆ ನೂರಾರು ಕಥೆಗಳಾದುವು. ಎಲ್ಲವೂ ಒಂದೇ ತೂಕದವಾಗಿರಲು ಸಾಧ್ಯವಿಲ್ಲ. ಹಳೆಯ ಹೊಳಪನ್ನು ಹಾಗೆಯೇ ಉಳಿಸಿಕೊಂಡಿದ್ದುದು ಚಿತ್ರ ಮಾತ್ರ. ಶಂಕರ್ ಎಂಬ ಹೆಸರಿನಿಂದ ಬರೆಯುತ್ತಿದ್ದ ಕೆ. ಸಿ. ಶಿವಶಂಕರನ್ ಅವರು 1950ರ ದಶಕದ ಆರಂಭದಲ್ಲಿ ಪತ್ರಿಕೆಯನ್ನು ಸೇರಿ, ಕತ್ತಿ ಹಿಡಿದ ಅರಸನನ್ನೂ ಅವನ ಹೆಗಲ ಹೆಣವನ್ನೂ ಚಿತ್ರಿಸಿದರು. 2020ರಲ್ಲಿ 96ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಚಿತ್ರದಲ್ಲಿ ಅರಸನು ಎಂದೂ ಓಡುವುದಿಲ್ಲ, ಎಂದೂ ಕುಳಿತುಕೊಳ್ಳುವುದಿಲ್ಲ. ನಡೆಯುತ್ತಾನೆ.

ನಿರಾಶೆಯು ಗೃಹಸ್ಥರನ್ನು ಮೂಲದ ಕಡೆಗೆ ತಿರುಗಿಸಿತು. ಪ್ರೌಢಶಾಲೆಯಲ್ಲಿ ಕಲಿತ ಸಂಸ್ಕೃತವು ತುಕ್ಕು ಹಿಡಿದಿದ್ದರೂ ಸತ್ತಿರಲಿಲ್ಲ. ಕಥಾಸರಿತ್ಸಾಗರವನ್ನು ತರಿಸಿ, ಎ. ಆರ್. ಕೃಷ್ಣಶಾಸ್ತ್ರಿಗಳ ‘ಕಥಾಮೃತ’ವನ್ನು ಪಕ್ಕದಲ್ಲಿಟ್ಟುಕೊಂಡು, ದಿನಕ್ಕೆ ಹತ್ತು ಹದಿನೈದು ಶ್ಲೋಕಗಳಂತೆ ಬಿಡಿಸತೊಡಗಿದರು.

ಈ ಗ್ರಂಥದ ಚರಿತ್ರೆಯೇ ಒಂದು ಅದ್ಭುತ ಕಥೆ. ಕಾಶ್ಮೀರದ ಸೋಮದೇವನು ಹನ್ನೊಂದನೆಯ ಶತಮಾನದ ಉತ್ತರಾರ್ಧದಲ್ಲಿ, ಅನಂತರಾಜನ ಮಹಿಷಿ ಸೂರ್ಯಮತಿಯ ಮನೋವಿನೋದಕ್ಕಾಗಿ ಇದನ್ನು ರಚಿಸಿದನು: 18 ಲಂಬಕಗಳು, 124 ತರಂಗಗಳು, ಸುಮಾರು 21,000 ಶ್ಲೋಕಗಳು. ಅವನಿಗೆ ಆಧಾರವು ಗುಣಾಢ್ಯನ ಬೃಹತ್ಕಥೆ. ಆ ಗುಣಾಢ್ಯನು ಪ್ರತಿಷ್ಠಾನದ ಸಾತವಾಹನನ ಆಸ್ಥಾನದಲ್ಲಿ ಪಂಥವೊಂದರಲ್ಲಿ ಸೋತು, ಸಂಸ್ಕೃತ, ಪ್ರಾಕೃತ, ದೇಶಭಾಷೆ ಮೂರನ್ನೂ ತೊರೆದು ಮೌನಿಯಾದನೆಂದೂ, ಅನಂತರ ಕಾಡಿನಲ್ಲಿ ಪೈಶಾಚಿಯನ್ನು ಕಲಿತು ಏಳು ಲಕ್ಷ ಶ್ಲೋಕಗಳ ಕಥೆಯನ್ನು ತನ್ನ ರಕ್ತದಿಂದ ಬರೆದನೆಂದೂ, ಅರಸನು ಅದನ್ನು ತಿರಸ್ಕರಿಸಲು ಮೃಗಪಕ್ಷಿಗಳಿಗೆ ಓದಿ ಹೇಳುತ್ತ ಆರು ಲಕ್ಷವನ್ನು ಬೆಂಕಿಗೆ ಹಾಕಿದನೆಂದೂ ಸೋಮದೇವನೇ ಹೇಳುತ್ತಾನೆ. ಮಾತನ್ನು ಬಿಟ್ಟವನ ಬಾಯಿಂದಲೇ ಲೋಕದ ಕಥೆಗಳೆಲ್ಲ ಹೊರಟುವೆಂಬುದು ಗಮನಿಸತಕ್ಕ ವಿಷಯ. ಕನ್ನಡನಾಡಿಗೂ ಈ ಬೃಹತ್ಕಥೆಗೂ ನಂಟು ಹಳೆಯದು. ಆರನೆಯ ಶತಮಾನದ ಗಂಗರ ಅರಸು ದುರ್ವಿನೀತನು ಅದನ್ನು ಸಂಸ್ಕೃತಕ್ಕೆ ತಂದನೆಂದು ಗುಮ್ಮರೆಡ್ಡಿಪುರದ ತಾಮ್ರಶಾಸನವು ಹೇಳುತ್ತದೆ. 1031ರ ಸುಮಾರಿನಲ್ಲಿ ಕನ್ನಡ ಪಂಚತಂತ್ರವನ್ನು ಬರೆದ ದುರ್ಗಸಿಂಹನೂ ಗುಣಾಢ್ಯನನ್ನು ಸ್ಮರಿಸುತ್ತಾನೆ.

ಬೇತಾಳದ ಕಥೆಗಳು ಹನ್ನೆರಡನೆಯ ಲಂಬಕದಲ್ಲಿ, 75ನೆಯ ತರಂಗದಿಂದ 99ನೆಯ ತರಂಗದವರೆಗೆ ಬರುತ್ತವೆ. ಆರಂಭದ ಕಥೆಯು ಮಕ್ಕಳ ಪತ್ರಿಕೆಯನ್ನು ಮಾತ್ರ ಓದಿದವರಿಗೆ ಅಷ್ಟಾಗಿ ನೆನಪಿರುವುದಿಲ್ಲ. ಪ್ರತಿಷ್ಠಾನದ ಅರಸ ತ್ರಿವಿಕ್ರಮಸೇನನಿಗೆ ಕ್ಷಾಂತಿಶೀಲನೆಂಬ ಭಿಕ್ಷುವು ದಿನವೂ ಒಂದು ಹಣ್ಣನ್ನು ತಂದು ಒಪ್ಪಿಸುತ್ತಾನೆ. ಅರಸನು ಅದನ್ನು ಕೋಶಾಧ್ಯಕ್ಷನ ಕೈಗೆ ಕೊಡುತ್ತಾನೆ. ಅವನು ಕಿಟಕಿಯಿಂದ ಭಂಡಾರದೊಳಕ್ಕೆ ಎಸೆದು ಸುಮ್ಮನಾಗುತ್ತಾನೆ. ಹೀಗೆ ಹತ್ತು ವರ್ಷಗಳು ಕಳೆಯುತ್ತವೆ. ಒಂದು ದಿನ ಕೋತಿಯೊಂದು ಹಣ್ಣನ್ನು ಕಿತ್ತುಕೊಂಡು ಕಚ್ಚಲು, ಒಳಗಿನಿಂದ ಬೆಲೆ ಕಟ್ಟಲಾಗದ ರತ್ನವು ಉರುಳುತ್ತದೆ. ಭಂಡಾರವನ್ನು ತೆರೆದು ನೋಡಿದರೆ ಹಣ್ಣುಗಳೆಲ್ಲವೂ ಕೊಳೆತುಹೋಗಿ ರತ್ನಗಳ ರಾಶಿಯು ಉಳಿದಿದೆ. ಹತ್ತು ವರ್ಷಗಳ ಹತ್ತು ಸಂಪುಟಗಳನ್ನು ಎದುರಿಗೆ ಇಟ್ಟುಕೊಂಡಿದ್ದ ಗೃಹಸ್ಥರು ಇಲ್ಲಿ ಪುಸ್ತಕವನ್ನು ಮಡಿಸಿ ಆ ದಿನದ ಪಾಠವನ್ನು ಮುಗಿಸಿದರಂತೆ.

ಮುಂದೆ ಹೋದಂತೆ ಅವರ ಬಾಲ್ಯದ ಕೋಪವು ಕರಗುತ್ತ ಬಂದಿತು. ಬೇತಾಳವು ಕೇಳುವುದು ಒಗಟುಗಳನ್ನಲ್ಲ, ವ್ಯಾಜ್ಯಗಳನ್ನು. ಯಾರ ತಪ್ಪು, ಯಾರಿಗೆ ಸಲ್ಲಬೇಕು, ಯಾರು ಹೆಚ್ಚಿನವರು ಎಂಬವೇ ಅದರ ಪ್ರಶ್ನೆಗಳು. ಮೊದಲನೆಯ ಕಥೆಯಲ್ಲಿ ಪದ್ಮಾವತಿಯೆಂಬ ಕನ್ಯೆಯ ಮೇಲೆ ಸುಳ್ಳು ಆರೋಪವು ಬಂದು, ಕರ್ಣೋತ್ಪಲನೆಂಬ ಅರಸನು ಅವಳನ್ನು ಊರಿನಿಂದ ಹೊರಡಿಸುತ್ತಾನೆ. ಅವಳ ತಂದೆತಾಯಿಗಳು ದುಃಖದಿಂದ ಸಾಯುತ್ತಾರೆ. ಪಾಪವು ಯಾರಿಗೆ? ಉಪಾಯ ಹೂಡಿದ ಮಂತ್ರಿಯ ಮಗನಿಗಲ್ಲ, ಅವನನ್ನು ನಂಬಿದ ರಾಜಪುತ್ರನಿಗಲ್ಲ, ಚಾರರಿಂದ ವಿಚಾರಿಸದೆ ದಂಡಿಸಿದ ಅರಸನಿಗೆ ಎಂದು ತ್ರಿವಿಕ್ರಮಸೇನನು ತೀರ್ಪು ಕೊಡುತ್ತಾನೆ. ತಾನು ಅರಸನಾಗಿದ್ದು ಅರಸನ ಮೇಲೆಯೇ ದೋಷವನ್ನು ಹೊರಿಸುತ್ತಾನೆ. ಜೀಮೂತವಾಹನನ ಕಥೆಯಲ್ಲಿ ಲೋಕವೆಲ್ಲ ಹೊಗಳುವುದು ಗರುಡನಿಗೆ ದೇಹವನ್ನು ಒಪ್ಪಿಸಿದ ವಿದ್ಯಾಧರಕುಮಾರನನ್ನು; ಹರ್ಷನ ‘ನಾಗಾನಂದ’ ನಾಟಕಕ್ಕೆ ಅವನೇ ನಾಯಕ. ಇಲ್ಲಿಯ ಅರಸನಾದರೋ, ತನ್ನ ಸರದಿಯನ್ನು ತಪ್ಪಿಸಿಕೊಳ್ಳದೆ ಹಿಂದಿರುಗಿ ಬಂದು ತನ್ನನ್ನೇ ತಿನ್ನೆಂದು ಬೇಡಿದ ನಾಗಕುಮಾರ ಶಂಖಚೂಡನು ಹೆಚ್ಚಿನವನು ಎನ್ನುತ್ತಾನೆ. ತಲೆಗಳು ಅದಲುಬದಲಾದ ಮದನಸುಂದರಿಯ ಕಥೆಯೂ ಇಲ್ಲಿಯದೇ. ಜರ್ಮನಿಯ ಥಾಮಸ್ ಮನ್ 1940ರಲ್ಲಿ ಅದನ್ನು ಕಾದಂಬರಿಯಾಗಿ ಬೆಳಸಿದನು. ಅಲ್ಲಿಂದ ಗಿರೀಶ ಕಾರ್ನಾಡರ ‘ಹಯವದನ’ಕ್ಕೆ ಬಂದು ಕಥೆಯು ಮರಳಿ ಮನೆ ಸೇರಿತು.

ಪ್ರತಿಯೊಂದು ತೀರ್ಪಿನ ಬೆಲೆಯನ್ನೂ ಅರಸನು ತನ್ನ ಕಾಲಿನಿಂದ ತೆರುತ್ತಾನೆ. ಅಷ್ಟು ದೂರ ಹೊತ್ತು ತಂದ ಹೆಣವು, ಸತ್ಯವನ್ನು ನುಡಿದ ಕ್ಷಣದಲ್ಲಿಯೇ ಹೆಗಲಿನಿಂದ ಹಾರಿಹೋಗುತ್ತದೆ. ನುಡಿದರೆ ದುಡಿಮೆಯು ಹೋಗುವುದು. ನುಡಿಯದಿದ್ದರೆ ತಲೆಯು ಹೋಗುವುದು. ಬಾಲಕನಿಗೆ ಮೊದಲನೆಯ ನಷ್ಟವು ಮಾತ್ರ ಕಂಡಿದ್ದಿತು. ಎರಡನೆಯದನ್ನು ಅವನು ಕಥೆಗಾರನ ಬೆದರಿಕೆಯೆಂದು ಬಗೆದಿದ್ದನು. ಎಪ್ಪತ್ತರ ಸಮೀಪದವರಿಗೆ ಅದು ಬೆದರಿಕೆಯಾಗಿ ತೋರಲಿಲ್ಲ. ತಿಳಿದುದನ್ನು ನುಂಗಿಕೊಂಡವನ ತಲೆಯು ಒಳಗೊಳಗೇ ಬಿರಿಯುವುದೆಂಬುದು ಅವರಿಗೆ ಅನುಭವದಿಂದ ಗೊತ್ತಿದ್ದಿತು.

ಅವರಿಗೆ ಗೊತ್ತಿದ್ದ ವಿಷಯವು ಇದು. 1970ರಲ್ಲಿ ಮನೆ ಕಟ್ಟಲು ತೆಗೆದ ಸಾಲವನ್ನು ತಂದೆಯ ಹೆಸರಿನಲ್ಲಿ ತೆಗೆದಿದ್ದರು. ಹನ್ನೆರಡು ವರ್ಷ ಅದರ ಕಂತು ಕಟ್ಟಿದುದು ಅಕ್ಕನ ಸಂಬಳದಿಂದ. ತಂದೆಯ ಸಂಬಳವು ಊಟಕ್ಕೂ ತಮ್ಮಂದಿರ ಓದಿಗೂ ಸರಿಹೋಗುತ್ತಿದ್ದಿತು. ಆ ಹನ್ನೆರಡು ವರ್ಷಗಳಲ್ಲಿ ಅಕ್ಕನ ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಹಿಂದೆ ಹೋಯಿತು; ಮೂರನೆಯ ಸಲ ಬರಲಿಲ್ಲ. 1979ರಲ್ಲಿ ತಂದೆಯು ಬರೆದ ಉಯಿಲಿನಲ್ಲಿ ಮನೆಯು ಮೂವರು ಗಂಡುಮಕ್ಕಳಿಗೆ ಸಮಭಾಗವಾಗಿ ಸೇರಿದ್ದಿತು. 1987ರಲ್ಲಿ ಕೊನೆಯ ಕಾಯಿಲೆಯಲ್ಲಿ ಮಲಗಿದ್ದಾಗ ಒಂದು ರಾತ್ರಿ ಅವರು ಹಿರಿಯ ಮಗನನ್ನು ಹತ್ತಿರ ಕರೆದು, “ಉಯಿಲು ತಿದ್ದಬೇಕಪ್ಪಾ. ಈ ಮನೆ ಕಟ್ಟಿದವಳು ಅವಳು. ಅವಳಿಗೊಂದು ಭಾಗ ಇರಬೇಕು,” ಎಂದರು. ತಿದ್ದುವುದಕ್ಕೆ ವಕೀಲರು ಬರುವ ಮೊದಲೇ ಕಣ್ಣು ಮುಚ್ಚಿದರು. ಆ ಕೋಣೆಯಲ್ಲಿ ಮತ್ತೆ ಯಾರೂ ಇರಲಿಲ್ಲ.

ಕಾಯಿದೆಯ ಪ್ರಕಾರ ಅಕ್ಕನಿಗೆ ಯಾವ ಹಕ್ಕೂ ಇಲ್ಲ. ಅವಳು ಕೇಳಿದವಳೂ ಅಲ್ಲ. ನಿವೃತ್ತಿಯ ವೇತನದಲ್ಲಿ ಕೆಂಗೇರಿ ಉಪನಗರದಲ್ಲಿ ಎರಡು ಕೋಣೆಯ ಬಾಡಿಗೆಯ ಮನೆಯಲ್ಲಿದ್ದಾಳೆ. ಹಬ್ಬಕ್ಕೆ ಕರೆದರೆ ಬಂದು ಹೋಗುತ್ತಾಳೆ. ತಮ್ಮಂದಿರು ಮೂವರೂ ಅವಳನ್ನು ಗೌರವದಿಂದಲೇ ಕಂಡಿದ್ದಾರೆ. ಎಲ್ಲವೂ ಸರಿಯಾಗಿಯೇ ನಡೆಯುತ್ತಿರುವ ಮನೆಯಲ್ಲಿ, ಸಾಕ್ಷಿಯಿಲ್ಲದ ಮಾತೊಂದನ್ನು ಎತ್ತಿ, ತನ್ನ ಭಾಗವನ್ನೂ ತಮ್ಮಂದಿರ ಭಾಗವನ್ನೂ ಕಡಿಮೆ ಮಾಡಿ, ಕುದುರಿದ ಒಪ್ಪಂದವನ್ನು ಕೆಡಿಸುವುದು ಯಾವ ಬುದ್ಧಿವಂತನ ಕೆಲಸ? ಹೀಗೆಂದು ಬಾಳಿನ ಲೆಕ್ಕವನ್ನು ಹಾಕಿದವರು ಲೋಕದಲ್ಲಿ ಬಹುಮಂದಿ. ಲೆಕ್ಕದಲ್ಲಿ ತಪ್ಪೇನೂ ಕಾಣುವುದಿಲ್ಲ.

ಹತ್ತೊಂಬತ್ತನೆಯ ಕಥೆಯನ್ನು ಅವರು ಓದಿದುದು ಈ ಸಮಯದಲ್ಲಿ. ಶೂಲಕ್ಕೇರಿಸಿದ ಕಳ್ಳನೊಬ್ಬನು, ತನಗೆ ಪಿಂಡ ಹಾಕಲು ಮಗನಿಲ್ಲವೆಂದು, ಸಾಯುವ ಮೊದಲು ತನ್ನ ಹೊನ್ನನ್ನು ಕೊಟ್ಟು ಕನ್ಯೆಯೊಬ್ಬಳನ್ನು ಧಾರೆಯೆರೆಸಿಕೊಳ್ಳುತ್ತಾನೆ. ಅವಳು ಆಮೇಲೆ ಹಣಕ್ಕೆ ಒಪ್ಪಿದ ಬ್ರಾಹ್ಮಣನೊಬ್ಬನಿಂದ ಮಗನನ್ನು ಪಡೆದು, ಆ ಶಿಶುವನ್ನು ಸಾವಿರ ಹೊನ್ನಿನೊಡನೆ ಅರಮನೆಯ ಬಾಗಿಲಿನಲ್ಲಿ ಇರಿಸುತ್ತಾಳೆ. ಅರಸನು ಸಾಕುತ್ತಾನೆ, ಮಗನು ಮುಂದೆ ತಾನೇ ಅರಸನಾಗಿ ಗಯೆಗೆ ಹೋಗಿ ಪಿಂಡವನ್ನು ಇಡುವಾಗ ಬಾವಿಯಿಂದ ಮೂರು ಕೈಗಳು ಮೇಲೇಳುತ್ತವೆ: ಕಳ್ಳನದೊಂದು, ಬ್ರಾಹ್ಮಣನದೊಂದು, ಸಾಕಿದ ಅರಸನದೊಂದು. ಪಿಂಡವು ಯಾವ ಕೈಗೆ ಸಲ್ಲಬೇಕು? ತ್ರಿವಿಕ್ರಮಸೇನನ ತೀರ್ಪು: ಕಳ್ಳನ ಕೈಗೆ. ಬ್ರಾಹ್ಮಣನು ಕೂಲಿಯನ್ನು ಪಡೆದನು. ಅರಸನಿಗೆ ಸಾಕಣೆಯ ಹೊನ್ನು ಸಂದಿತು. ತನ್ನದನ್ನು ಕೊಟ್ಟು ಏನನ್ನೂ ಪಡೆಯದವನು ಕಳ್ಳನೊಬ್ಬನೇ.

ಧರ್ಮಶಾಸ್ತ್ರದ ದೃಷ್ಟಿಯಿಂದ ಈ ತೀರ್ಪನ್ನು ಚರ್ಚಿಸುವವರು ಚರ್ಚಿಸಲಿ. ಜೀವಮಾನವೆಲ್ಲ ಜಮಾ ಖರ್ಚುಗಳನ್ನು ತಾಳೆ ನೋಡಿದ ಗೃಹಸ್ಥರಿಗೆ ಅದರ ರೀತಿಯು ಚೆನ್ನಾಗಿ ತಿಳಿಯಿತು. ಯಾರ ಹೆಸರು ಪತ್ರದಲ್ಲಿದೆ, ಯಾರು ಸಿಂಹಾಸನದಲ್ಲಿದ್ದಾರೆ ಎಂಬುದನ್ನು ಅರಸನು ಕೇಳುವುದಿಲ್ಲ. ಯಾರು ಕೊಟ್ಟರು, ಕೊಟ್ಟವರಿಗೆ ಹಿಂದಕ್ಕೆ ಏನು ಬಂದಿತು ಎಂಬುದನ್ನು ಮಾತ್ರ ಕೇಳುತ್ತಾನೆ.

ಒ‌ಪ್ಪಂದಕ್ಕೆ ಸಹಿ ಹಾಕಲು ಗೊತ್ತಾಗಿದ್ದ ದಿನಕ್ಕೆ ಒಂದು ವಾರ ಮೊದಲು ಅವರು ತಮ್ಮಂದಿರಿಬ್ಬರನ್ನೂ ಕೂರಿಸಿಕೊಂಡು, ತಂದೆಯ ಮಾತನ್ನು ತಂದೆಯು ಹೇಳಿದಂತೆಯೇ ಹೇಳಿದರು. ಕಂತುಗಳ ಲೆಕ್ಕವನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದರು. ಮಧ್ಯದ ತಮ್ಮನು ಬಹಳ ಹೊತ್ತು ಸುಮ್ಮನಿದ್ದನು. ಕಿರಿಯವನು, “ಮೂವತ್ತೈದು ವರ್ಷ ಇಲ್ಲದ್ದು ಈಗ ಹೇಗೆ ಬಂತು, ಅಣ್ಣಾ?” ಎಂದು ಕೇಳಿ, ಎದ್ದುಹೋದನು. ಒಪ್ಪಂದವು ಮುರಿಯಿತು. ಗುತ್ತಿಗೆದಾರನು ಪಕ್ಕದ ಬೀದಿಯ ಮನೆಯೊಂದನ್ನು ಹಿಡಿದನು. ಹೆಣವು ಹೆಗಲಿನಿಂದ ಹಾರಿ ಮರವನ್ನು ಸೇರಿತು.

ಅಕ್ಕನಿಗೆ ಸುದ್ದಿಯನ್ನು ಅವರೇ ಹೋಗಿ ತಿಳಿಸಿದರು. 2021ರಿಂದ ಮೆಟ್ರೋ ರೈಲು ಕೆಂಗೇರಿಯವರೆಗೂ ಹೋಗುತ್ತದೆ. ರಾಜಾಜಿನಗರದಲ್ಲಿ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿದರೆ ಆಯಿತು. ಬಟ್ಟೆಯ ಚೀಲದಲ್ಲಿ ಮೂರು ಸಂಪುಟಗಳನ್ನು ಹೆಗಲಿಗೆ ಹಾಕಿಕೊಂಡು ಹೋದರು. ಅಕ್ಕನಿಗೆ ಸಂತೋಷವಾಗಲಿಲ್ಲ.

“ಯಾರು ಕೇಳಿದ್ರೋ ನಿನ್ನನ್ನ?” ಎಂದು ಗದರಿಸಿದಳು. “ನಾನು ಕೇಳಿದ್ನಾ? ಈಗ ಅಣ್ಣತಮ್ಮಂದಿರ ಮಧ್ಯೆ ಮಾತು ನಿಂತ್ರೆ ಅದು ನನ್ನ ತಲೆಗೆ.”

“ನೀನು ಕೇಳಲಿಲ್ಲ, ಅಕ್ಕಾ. ಆದರೆ ನನಗೆ ಗೊತ್ತಿತ್ತಲ್ಲ,” ಎಂದರು ಗೃಹಸ್ಥರು.

ಆಕೆ ಮತ್ತೇನೂ ಹೇಳದೆ ಕಾಫಿ ಮಾಡಲು ಒಳಕ್ಕೆ ಹೋದಳಂತೆ. ಹಿಂದಿರುಗಿ ಬಂದು ಚೀಲದ ಸಂಪುಟಗಳನ್ನು ತೆಗೆದು, ಬೆನ್ನಿಗೆ ಅಂಟಿಸಿದ್ದ ಬಟ್ಟೆಯು ಎಲ್ಲಿ ಕಿತ್ತಿದೆಯೆಂದು ನೋಡಿದಳಂತೆ.

ಏಳು ತಿಂಗಳುಗಳು ಕಳೆದ ಮೇಲೆ ಮಧ್ಯದ ತಮ್ಮನು ತಾನಾಗಿಯೇ ಬಂದು, ಹೊಸ ಕಟ್ಟಡವು ಆದಾಗ ಕೆಳಗಿನ ಅಂತಸ್ತಿನ ಒಂದು ಭಾಗವು ಅಕ್ಕನ ಹೆಸರಿಗೆ ಆಗಲೆಂದು ಒಪ್ಪಿದನು. ಕಿರಿಯವನು ಕಾಗದಕ್ಕೆ ಸಹಿ ಹಾಕಲು ಒಪ್ಪಿದ್ದಾನೆ; ಅಣ್ಣನೊಡನೆ ಮಾತನಾಡುವುದನ್ನು ಇನ್ನೂ ಒಪ್ಪಿಲ್ಲ. ಬೇರೊಬ್ಬ ಗುತ್ತಿಗೆದಾರನೊಡನೆ ಮಾತುಕತೆಯು ಆರಂಭವಾಗಿದೆ. ಕರಾರು ಮೊದಲಿನಷ್ಟು ಲಾಭದ್ದಲ್ಲ. ಹಳೆಯ ಮನೆಯು ಇನ್ನೂ ನಿಂತಿದೆ.

ಬೇತಾಳದ ಕಡೆಯ ಪ್ರಶ್ನೆಯನ್ನು ಹೇಳದೆ ಈ ಪ್ರಸಂಗವನ್ನು ಮುಗಿಸುವಂತಿಲ್ಲ. ತಂದೆ ಮಗ ಇಬ್ಬರೂ ತಾಯಿ ಮಗಳಿಬ್ಬರನ್ನು ಮದುವೆಯಾಗುತ್ತಾರೆ. ಆದರೆ ತಂದೆಯು ಮಗಳನ್ನೂ ಮಗನು ತಾಯಿಯನ್ನೂ ವರಿಸಿರುತ್ತಾರೆ. ಅವರಿಗೆ ಹುಟ್ಟಿದ ಮಕ್ಕಳು ಒಬ್ಬರಿಗೊಬ್ಬರು ಏನಾಗಬೇಕು? ತ್ರಿವಿಕ್ರಮಸೇನನು ಎಷ್ಟು ಯೋಚಿಸಿದರೂ ಉತ್ತರವು ಹೊಳೆಯುವುದಿಲ್ಲ. ಅವನು ಮಾತನಾಡದೆ ನಡೆಯುತ್ತಾನೆ. ತಲೆಯು ಸಿಡಿಯುವುದಿಲ್ಲ, ಹೆಣವು ಹಾರುವುದಿಲ್ಲ. ಬೇತಾಳವು ಮೆಚ್ಚಿ, ಭಿಕ್ಷುವು ಅರಸನನ್ನೇ ಬಲಿಗೊಡಲು ಹೂಡಿರುವ ಸಂಚನ್ನು ತಿಳಿಸಿ, ಪಾರಾಗುವ ಉಪಾಯವನ್ನೂ ಹೇಳಿಕೊಡುತ್ತದೆ. ಬಾಲಕರು ಅರಸನಿಗೆ ಹೇಳಿಕೊಡಲು ಬಯಸಿದ್ದುದೂ ಮೌನವನ್ನೇ. ಆದರೆ ಅದು ತಿಳಿದವನ ಮೌನ; ಇದು ತಿಳಿಯದವನ ಮೌನ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಬಗೆಯಾಗಿ ತೋರುತ್ತವೆ. ಬೇತಾಳಕ್ಕೆ ಮಾತ್ರ ವ್ಯತ್ಯಾಸವು ಗೊತ್ತು. ಇಪ್ಪತ್ತಮೂರು ಸಲ ತಿಳಿದುದನ್ನು ಬಚ್ಚಿಡದೆ ನುಡಿದವನಾದುದರಿಂದಲೇ ಇಪ್ಪತ್ತನಾಲ್ಕನೆಯ ಸಲ ಅವನ ಮೌನವನ್ನು ಅದು ನಂಬಿತು.

ಗೃಹಸ್ಥರ ಮನೆಯ ಹತ್ತು ಸಂಪುಟಗಳಲ್ಲಿ ಈ ಕೊನೆಯ ಕಥೆಯಿಲ್ಲ. ಮಾಸಪತ್ರಿಕೆಯ ಅರಸನಿಗೆ ಭಿಕ್ಷುವಿನ ಬಳಿಗೆ ತಲುಪುವ ತಿಂಗಳೇ ಬರಲಿಲ್ಲ. ಹತ್ತನೆಯ ಸಂಪುಟದ ಕಡೆಯ ಸಂಚಿಕೆಯಲ್ಲಿಯೂ ಅವನು ಹೆಣವನ್ನು ಇಳಿಸಿಕೊಂಡು ಹೆಗಲಿಗೆ ಹಾಕಿಕೊಳ್ಳುತ್ತಿದ್ದಾನೆ. ಮಕ್ಕಳಿಗಾಗಿ ನಡೆದ ಕಥೆಗೆ ಅದೇ ತಕ್ಕ ಕ್ರಮವಿರಬಹುದು. ಅಂಥ ಹೊತ್ತಗೆಗಳು ಇನ್ನೂ ಎಷ್ಟೋ ಮನೆಗಳ ಅಟ್ಟಗಳಲ್ಲಿ ಉಂಟು. ತೂಕಕ್ಕೆ ಹಾಕುವ ಮೊದಲು ಒಂದನ್ನು ಬಿಚ್ಚಿ ನೋಡಿದರೆ ನಷ್ಟವೇನೂ ಇಲ್ಲ.